ಮಲಗಿಸುವ ವಿದ್ಯೆ ಕಲಿಯಲು ಹೊರಟವರು

ಎಂ.ಡಿ. ಮುಗಿಸಿದ ಮೇಲೂ ನಾನಿನ್ನೂ ವಿದ್ಯಾರ್ಥಿನಿಯೇ. ಹುಟ್ಟುವಾಗಲೇ ಹೃದಯದ ತೊಂದರೆ ಇರುವ ಮಕ್ಕಳಿಗೆ ಆಪರೇಷನ್ ವೇಳೆ ಅರಿವಳಿಕೆ ಕೊಡುವುದನ್ನು ಈಗ ಪ್ರತ್ಯೇಕವಾಗಿ ಕಲಿಯುತ್ತಿದ್ದೇನೆ. ಊರಿಗೆ ಹೋದಾಗಲೆಲ್ಲ ಅತ್ತೆ, ಚಿಕ್ಕಮ್ಮಂದಿರು ಕೇಳುವುದು ಒಂದೇ. ಪ್ರಜ್ಞೆ ತಪ್ಪಿಸುವ ಇಂಜೆಕ್ಷನ್ ಕೊಡೋದಕ್ಕೆ ಇಷ್ಟೊಂದು ವರ್ಷ ಓದಬೇಕಾ, ಆಪರೇಷನ್ ಮಾಡೋ ಡಾಕ್ಟರ್ ಆಗೋದು ಯಾವಾಗ ಅಂತ.

ಅವರಿಗೆ ಹೇಗೆ ವಿವರಿಸುವುದು? ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ರಂಧ್ರ, ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು. ಇಂಥ ಮಗುವಿನ ತುಟಿ, ಉಗುರು ನೀಲಿಗಟ್ಟಿರುತ್ತವೆ. ಬೇರೆ ಮಕ್ಕಳನ್ನು ಸಲೀಸಾಗಿ ಮಲಗಿಸುವ ಕೆಲವು ಔಷಧಗಳು ಇಲ್ಲಿ ಮೈಯ ರಕ್ತನಾಳಗಳನ್ನು ಸಡಿಲಗೊಳಿಸಿದರೆ ಸಾಕು, ರಕ್ತ ಶ್ವಾಸಕೋಶದ ಕಡೆ ಹೋಗದೆ ರಂಧ್ರದಲ್ಲೇ ನುಸುಳಿ ಮೈಗೆ ಹರಿಯುತ್ತದೆ. ಮಗು ಇನ್ನಷ್ಟು ನೀಲಿಯಾಗುತ್ತದೆ. ಡ್ರಿಪ್ ನಳಿಕೆಯಲ್ಲಿ ಉಳಿದ ಒಂದು ಗಾಳಿಗುಳ್ಳೆ ಅದೇ ರಂಧ್ರ ದಾಟಿ ಮಿದುಳು ಸೇರಬಹುದು. ಹಾಗಾಗಿ ಈ ವಿಭಾಗಕ್ಕೆ ಬಂದು ನಾನು ಮೊದಲು ಕಲಿತ ಕೆಲಸವೆಂದರೆ ನಳಿಕೆಯನ್ನು ಬೆಳಕಿಗೆ ಹಿಡಿದು ಗುಳ್ಳೆ ಹುಡುಕುವುದು.

ಅರಿವಳಿಕೆಯೂ ಒಂದು ವಿದ್ಯೆಯೇ ಎಂಬ ಪ್ರಶ್ನೆಯನ್ನು ನನಗಿಂತ ಬಹಳ ಮೊದಲು ಎದುರಿಸಿದವರು ಅಮೆರಿಕದ ವರ್ಜೀನಿಯಾ ಅಪ್ಗಾರ್. ನಿಮ್ಮ ಮನೆಯಲ್ಲಿ ಪುಟ್ಟ ಮಗುವಿದ್ದರೆ ಆಸ್ಪತ್ರೆಯ ಡಿಸ್ಚಾರ್ಜ್ ಹಾಳೆ ತೆಗೆದು ನೋಡಿ, ಅದರಲ್ಲಿ ಅಪ್ಗಾರ್ ಸ್ಕೋರ್ ಎಂಬ ಅಂಕವಿರಬಹುದು. ಆ ಅಪ್ಗಾರ್ ಒಬ್ಬ ಹೆಣ್ಣುಮಗಳ ಹೆಸರು ಎಂದು ನನ್ನ ಜೊತೆ ಎಂಬಿಬಿಎಸ್ ಓದಿದ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಅಕ್ಷರ ಬಿಡಿಸಿ ಐದು ಲಕ್ಷಣ ಬಾಯಿಪಾಠ ಮಾಡಿದ್ದೇ ಹೆಚ್ಚು.

ವರ್ಜೀನಿಯಾ ಹುಟ್ಟಿದ್ದು 1909ರಲ್ಲಿ, ನ್ಯೂಜೆರ್ಸಿಯ ವೆಸ್ಟ್‌ಫೀಲ್ಡ್‌ನಲ್ಲಿ. ಒಬ್ಬ ಅಣ್ಣ ಕ್ಷಯದಿಂದ ತೀರಿಕೊಂಡ. ಕಾಲೇಜಿನಲ್ಲಿ ಓದಿನ ಖರ್ಚಿಗಾಗಿ ಸಿಕ್ಕ ಕೆಲಸಗಳನ್ನೆಲ್ಲ ಮಾಡಿದರು, ಪ್ರಾಣಿಶಾಸ್ತ್ರದ ಪ್ರಯೋಗಾಲಯಕ್ಕೆ ಬೀದಿಬೆಕ್ಕು ಹಿಡಿದುಕೊಡುವುದೂ ಅದರಲ್ಲೊಂದು. 1929ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವೈದ್ಯಕೀಯ ಕಾಲೇಜು ಸೇರಿದ ಕೆಲವೇ ವಾರಗಳಲ್ಲಿ ಷೇರುಪೇಟೆ ಕುಸಿಯಿತು. ಸಾಲ ಮಾಡಿಯೇ 1933ರಲ್ಲಿ ತರಗತಿಗೆ ನಾಲ್ಕನೆಯವರಾಗಿ ಪಾಸಾದರು.

ಆಸೆಯಿದ್ದದ್ದು ಸರ್ಜನ್ ಆಗಬೇಕೆಂದು. ತರಬೇತಿಗೂ ಸೇರಿದ್ದರು. ಅಲ್ಲಿನ ಮುಖ್ಯ ಸರ್ಜನ್ ಅಲನ್ ವಿಪಲ್ ಅದನ್ನು ಬಿಡುವಂತೆ ಸಲಹೆ ಕೊಟ್ಟರು. ಹಿಂದೆ ತಾವು ತಯಾರು ಮಾಡಿದ ಮಹಿಳಾ ಸರ್ಜನ್‌ಗಳಿಗೆ ಹೊಟ್ಟೆಪಾಡೇ ಕಷ್ಟವಾದದ್ದನ್ನು ಅವರು ಕಂಡಿದ್ದರು. ಅರಿವಳಿಕೆ ಸುಧಾರಿಸದೆ ಶಸ್ತ್ರಚಿಕಿತ್ಸೆಯೂ ಮುಂದೆ ಹೋಗದು ಎಂಬುದೂ ಅವರಿಗೆ ಗೊತ್ತಿತ್ತು. ಅದರಲ್ಲಿ ಅರ್ಧ ದೂರದೃಷ್ಟಿ, ಇನ್ನರ್ಧ ಆ ಕಾಲದ ಧೋರಣೆ ಅಂತ ನನಗನ್ನಿಸುತ್ತದೆ. ಅದೇನೇ ಇರಲಿ, ಆಕೆ ಒಪ್ಪಿಕೊಂಡರು.

ಒಪ್ಪಿಕೊಂಡರೆ ಆಯಿತೇ, ಕಲಿಸುವವರು ಬೇಕಲ್ಲ! ಆಗ ಅಮೆರಿಕದಲ್ಲಿ ಅರಿವಳಿಕೆ ಕೊಡುತ್ತಿದ್ದವರು ಹೆಚ್ಚಾಗಿ ನರ್ಸ್‌ಗಳು. ಡಾಕ್ಟರ್‌ಗಳಿಗೆ ತರಬೇತಿ ಕೊಡುವ ಜಾಗಗಳು ಬೆರಳೆಣಿಕೆಯಷ್ಟು. ವರ್ಜೀನಿಯಾ ಮೊದಲು ಹೋಗಿ ನಿಂತದ್ದು ತಮ್ಮದೇ ಆಸ್ಪತ್ರೆಯ ನರ್ಸ್‌ಗಳ ಬಳಿ. ಡಾಕ್ಟರ್ ಪದವಿ ಪಡೆದವರು ನರ್ಸ್ ಪಕ್ಕ ನಿಂತು ಮಾಸ್ಕ್ ಹಿಡಿಯುವುದನ್ನು ಕಲಿಯುವುದು ಇವತ್ತಿಗೂ ಎಲ್ಲರಿಗೂ ಒಗ್ಗುವ ಮಾತಲ್ಲ. ಆಮೇಲೆ 1937ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ಗೆ, ರಾಲ್ಫ್ ವಾಟರ್ಸ್ ಬಳಿಗೆ ಹೋದರು. ಅಲ್ಲಿ ಹೆಣ್ಣು ಡಾಕ್ಟರ್‌ಗೆ ಉಳಿಯಲು ಕೋಣೆಯೇ ಇರಲಿಲ್ಲ. ಕೆಲವು ದಿನ ವಾಟರ್ಸ್ ಅವರ ಆಫೀಸಿನಲ್ಲಿ ಮಲಗಿದರು, ಆಮೇಲೆ ಮನೆಗೆಲಸದವರ ಕೋಣೆಗೆ ಹೋದರು. ಆರು ತಿಂಗಳು ಹಾಗೇ ಕಳೆದು, ಮತ್ತಾರು ತಿಂಗಳು ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಯಲ್ಲಿ ಎಮೆರಿ ರೋವೆನ್‌ಸ್ಟೈನ್ ಬಳಿ ಕಲಿತರು. 1938ರಲ್ಲಿ ಕೊಲಂಬಿಯಾಕ್ಕೆ ಮರಳಿದಾಗ ಅರಿವಳಿಕೆ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಹುದ್ದೆಯ ಹೆಸರು ದೊಡ್ಡದು, ಜೊತೆಗೆ ಕೈಜೋಡಿಸಲು ಡಾಕ್ಟರ್‌ಗಳೇ ಸಿಗುತ್ತಿರಲಿಲ್ಲ. ಸರ್ಜನ್‌ಗಳ ಕಣ್ಣಿಗೆ ಈ ಕೆಲಸ ತಮಗಿಂತ ಒಂದು ಮೆಟ್ಟಿಲು ಕೆಳಗಿನದು. ಹತ್ತು ವರ್ಷ ಏಗಿ, ಹೊಸಬರನ್ನು ತಯಾರು ಮಾಡಿ ಅದನ್ನು ಕಟ್ಟಿ ನಿಲ್ಲಿಸಿದರು.

1949ರಲ್ಲಿ ಅದು ಸ್ವತಂತ್ರ ವಿಭಾಗವಾಯಿತು. ಆದರೆ ಮುಖ್ಯಸ್ಥರ ಕುರ್ಚಿ ಎಮ್ಯಾನುಯೆಲ್ ಪ್ಯಾಪರ್ ಎಂಬ ಇನ್ನೊಬ್ಬರ ಪಾಲಾಯಿತು. ಆ ಕಾಲೇಜಿನ ಮೊದಲ ಮಹಿಳಾ ಪೂರ್ಣ ಪ್ರೊಫೆಸರ್ ಎಂಬ ಗೌರವ ಇವರಿಗೆ ಸಿಕ್ಕಿತು. ಇದನ್ನು ಓದುವಾಗ ನನಗೆ ಸಿಟ್ಟು ಬಂದಿತ್ತು. ಅವರು ಮಾತ್ರ ಹೆರಿಗೆ ಕೋಣೆಯ ಕಡೆ ನಡೆದರು.

ಅಲ್ಲಿ ಎಲ್ಲರ ಕಣ್ಣು ತಾಯಿಯ ಮೇಲೆ. ಹುಟ್ಟಿದ ಮಗು ಹೇಗಿದೆ ಎಂದು ಅಳೆಯುವ ಕ್ರಮವೇ ಇರಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಒಬ್ಬ ವಿದ್ಯಾರ್ಥಿ ಈ ಬಗ್ಗೆ ಕೇಳಿದಾಗ ಕೈಗೆ ಸಿಕ್ಕ ಚೀಟಿಯ ಮೇಲೆ ಐದು ಅಂಶ ಗೀಚಿದರಂತೆ. ಹೃದಯ ಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಪ್ರಚೋದನೆಗೆ ಪ್ರತಿಕ್ರಿಯೆ, ಮೈಬಣ್ಣ. ಒಂದೊಂದಕ್ಕೂ ಸೊನ್ನೆಯಿಂದ ಎರಡು ಅಂಕ. ಬಡಿತ ನಿಮಿಷಕ್ಕೆ ನೂರು ದಾಟಿದರೆ ಎರಡು, ಕಡಿಮೆಯಿದ್ದರೆ ಒಂದು. 1953ರಲ್ಲಿ ಇದು ಪ್ರಕಟವಾಯಿತು. ಇಲ್ಲೊಂದು ಮಾತು ಹೇಳಬೇಕು, ಈ ಅಂಕ ಹೃದ್ರೋಗವನ್ನು ಪತ್ತೆ ಹಚ್ಚುವುದಿಲ್ಲ. ಹುಟ್ಟುವಾಗ ಒಳ್ಳೆಯ ಅಂಕ ಪಡೆದ ಮಗು ಕೆಲವು ದಿನಗಳ ನಂತರ ನೀಲಿಗಟ್ಟಿ ನಮ್ಮ ಬಳಿ ಬರುವುದುಂಟು. ಆದರೆ ಮೊದಲ ನಿಮಿಷದಲ್ಲೇ ಮಗುವನ್ನು ಒಬ್ಬ ರೋಗಿಯಂತೆ ಗಮನಿಸಬೇಕು ಎಂಬ ಅಭ್ಯಾಸ ಬಂದದ್ದು ಈ ಚೀಟಿಯಿಂದ.

ನನಗೆ ಸ್ಕೋರ್‌ಗಿಂತ ಇಷ್ಟವಾದ ಸಂಗತಿ ಮುಂದಿನದು. ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ತೆಳು ನಳಿಕೆ ಹಾಕಿ ನವಜಾತ ಶಿಶುಗಳ ರಕ್ತವನ್ನು ಅವರೂ ಸಹೋದ್ಯೋಗಿಗಳೂ ಪರೀಕ್ಷಿಸಿದರು. ತಾಯಿಗೆ ಕೊಟ್ಟ ಸೈಕ್ಲೋಪ್ರೊಪೇನ್ ಅನಿಲ ಮಗುವನ್ನೂ ಮಂಕಾಗಿಸುತ್ತದೆ ಎಂದು ಗೊತ್ತಾಯಿತು. ಅದು ವರ್ಜೀನಿಯಾ ಅವರ ಅಚ್ಚುಮೆಚ್ಚಿನ ಅರಿವಳಿಕೆ. ಲೆಕ್ಕ ನೋಡಿದರು, ಹೆರಿಗೆಗೆ ಅದನ್ನು ಕೈಬಿಟ್ಟರು. ಇಂದು ಹೃದಯದ ಆಪರೇಷನ್‌ಗೆ ಬರುವ ದಿನಗಳ ಕೂಸಿನ ಹೊಕ್ಕುಳಿನಿಂದ ಇಳಿಬಿಟ್ಟ ನಳಿಕೆಯಲ್ಲಿ ನಾವು ರಕ್ತದೊತ್ತಡ ಓದುವಾಗ ಈ ಕಥೆ ನನಗೆ ನೆನಪಾಗುತ್ತದೆ.

ಐವತ್ತರ ಹೊಸ್ತಿಲಲ್ಲಿ ಅವರು ಮತ್ತೆ ವಿದ್ಯಾರ್ಥಿನಿ! 1959ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನಿಂದ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಪೋಲಿಯೊದಿಂದ ಜನ್ಮಜಾತ ತೊಂದರೆಗಳತ್ತ ಹೊರಳಿದ್ದ ಮಾರ್ಚ್ ಆಫ್ ಡೈಮ್ಸ್ ಸಂಸ್ಥೆ ಸೇರಿ, ಊರೂರು ಸುತ್ತಿ ತಂದೆತಾಯಿಗಳ ಜೊತೆ ಮಾತನಾಡಿದರು. ಮಗು ಹಾಗೆ ಹುಟ್ಟಿದ್ದು ಮುಚ್ಚಿಡಬೇಕಾದ ಸಂಗತಿ ಎಂದುಕೊಂಡಿದ್ದ ಮನೆಗಳು ಅಲ್ಲೂ ಬೇಕಾದಷ್ಟಿದ್ದವು.

ಕಲಿಯುವ ಚಟ ಆಸ್ಪತ್ರೆಗಷ್ಟೇ ಸೀಮಿತವಾಗಿರಲಿಲ್ಲ. ವಿಮಾನ ಹಾರಿಸಲು ಕಲಿತರು. ಕಾರ್ಲೀನ್ ಹಚಿನ್ಸ್ ಎಂಬ ರೋಗಿಯಿಂದ ಪಿಟೀಲು, ವಯೋಲಾ ತಯಾರಿಸುವುದನ್ನು ಕಲಿತರು. ಆಸ್ಪತ್ರೆಯ ಫೋನ್ ಬೂತಿನ ಮೇಪಲ್ ಹಲಗೆ ವಯೋಲಾದ ಬೆನ್ನಿಗೆ ಹೇಳಿ ಮಾಡಿಸಿದಂತಿದೆ ಎಂದು ಇಬ್ಬರಿಗೂ ಅನ್ನಿಸಿತು. ಕೇಳಿದರೆ ಯಾರೂ ಕೊಡಲಿಲ್ಲ. ಒಂದು ರಾತ್ರಿ ಬೇರೆ ಹಲಗೆ ಹಿಡಿದು ಹೋದರು. ಪ್ರೊಫೆಸರ್ ಹೊರಗೆ ಕಾವಲು, ಗೆಳತಿ ಒಳಗೆ ಕೆಲಸ. ತಂದ ಹಲಗೆ ಸ್ವಲ್ಪ ಉದ್ದವಾಗಿದ್ದರಿಂದ ಹೆಂಗಸರ ಶೌಚಾಲಯದಲ್ಲಿ ಅದನ್ನು ಗರಗಸದಿಂದ ಕೊಯ್ಯಬೇಕಾಯಿತು.

1974ರ ಆಗಸ್ಟ್ 7ರಂದು, ತಾವು ನರ್ಸ್‌ಗಳ ಪಕ್ಕ ನಿಂತು ಅರಿವಳಿಕೆ ಕಲಿತ ಅದೇ ವೈದ್ಯಕೀಯ ಕೇಂದ್ರದಲ್ಲಿ ವರ್ಜೀನಿಯಾ ತೀರಿಕೊಂಡರು. ಫೋನ್ ಬೂತಿನ ಹಲಗೆಯ ವಯೋಲಾ ಅವರ ನಂತರವೂ ಉಳಿಯಿತು.