ಹೂಗಳ ಕಣಿವೆಗೆ ಹೆಸರಿಟ್ಟ ಪರ್ವತಾರೋಹಿ

ಶಿಖರವನ್ನೇರಿ ಕೀರ್ತಿ ಗಳಿಸಿದವರು ಅನೇಕರಿದ್ದಾರೆ. ಶಿಖರದಿಂದ ಹಿಂದಿರುಗುವಾಗ ಕಂಡ ಕಣಿವೆಯೊಂದರಿಂದ ಚಿರಸ್ಮರಣೀಯರಾದವರು ವಿರಳ. ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈತ್ ಅಂತಹ ವಿರಳರಲ್ಲೊಬ್ಬರು. ಗಢವಾಲ ಹಿಮಾಲಯದಲ್ಲಿ ಪುಷ್ಪಾವತಿ ನದಿ ಹರಿಯುವ ಭ್ಯುಂಡಾರ್ ಪ್ರದೇಶದ ಕಣಿವೆಯನ್ನು ಹೂಗಳ ಕಣಿವೆ ಎಂದು ಜಗತ್ತಿಗೆ ಪರಿಚಯಿಸಿದವರು ಅವರೇ.

ಸ್ಮೈತ್ ಜನಿಸಿದ್ದು 1900ರ ಜುಲೈ 6ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ. ವಿದ್ಯುತ್ ಎಂಜಿನಿಯರಿಂಗ್ ತರಬೇತಿ ಪಡೆದ ಅವರು ಕೆಲಕಾಲ ವಾಯುಪಡೆಯಲ್ಲಿದ್ದು, ಅನಾರೋಗ್ಯದ ಕಾರಣ ಹೊರಬಂದರು. ಆದರೆ ಬೆಟ್ಟಗಳು ಅವರನ್ನು ಬಿಡಲಿಲ್ಲ. 1927 ಮತ್ತು 1928ರಲ್ಲಿ ಗ್ರಹಾಂ ಬ್ರೌನ್ ಅವರೊಡನೆ ಆಲ್ಪ್ಸ್ ಪರ್ವತಶ್ರೇಣಿಯ ಮಾಂಟ್ ಬ್ಲಾಂಕ್‌ನ ಕಡಿದಾದ ಬ್ರೆನ್ವಾ ಪಾರ್ಶ್ವದಲ್ಲಿ ಎರಡು ಹೊಸ ಮಾರ್ಗಗಳನ್ನು ತೆರೆದರು. ಮುಂದೆ ಬರವಣಿಗೆ, ಛಾಯಾಗ್ರಹಣಗಳೇ ಅವರ ಜೀವನೋಪಾಯವಾದವು.

1931ರಲ್ಲಿ ಅವರ ನಾಯಕತ್ವದ ತಂಡ 7,756 ಮೀಟರ್ ಎತ್ತರದ ಕಾಮೆಟ್ ಶಿಖರವನ್ನೇರಿತು. ಜೂನ್ 21ರಂದು ಸ್ಮೈತ್, ಎರಿಕ್ ಶಿಪ್ಟನ್, ಹೋಲ್ಡ್ಸ್‌ವರ್ತ್ ಹಾಗೂ ಶೆರ್ಪಾ ಲೇವಾ ತುದಿ ತಲುಪಿದರು. ಅಲ್ಲಿಯವರೆಗೆ ಮನುಷ್ಯರು ಏರಿದ್ದ ಶಿಖರಗಳಲ್ಲಿ ಅದೇ ಅತ್ಯಂತ ಎತ್ತರದ್ದು. ಹಿಂದಿರುಗುವಾಗ ಮುಂಗಾರಿನ ಮಳೆ, ಮಂಜುಗಾಳಿಗಳ ನಡುವೆ ಭ್ಯುಂಡಾರ್ ಕಣಿವೆಮಾರ್ಗವನ್ನು ದಾಟಿದ ತಂಡ, ಹೂಗಳಿಂದ ತುಂಬಿದ ಇಳಿಜಾರುಗಳ ನಡುವೆ ಬಂದು ನಿಂತಿತು.

ಆ ನೆಲ ಗಢವಾಲದ ಜನರಿಗೆ ಹೊಸದಾಗಿರಲಿಲ್ಲ. ಕುರಿಗಾಹಿಗಳು ಬೇಸಿಗೆಯಲ್ಲಿ ಮಂದೆಗಳೊಂದಿಗೆ ಅಲ್ಲಿಗೆ ಬರುತ್ತಿದ್ದರು. ಅದು ಅಪ್ಸರೆಯರು ವಿಹರಿಸುವ ತಾಣವೆಂಬ ನಂಬಿಕೆಯೂ ಅವರಲ್ಲಿತ್ತು. ಸ್ಮೈತ್ ಕಣಿವೆಯನ್ನು ಶೋಧಿಸಿದರು ಎನ್ನುವುದಕ್ಕಿಂತ ಹೊರಜಗತ್ತಿಗೆ ತಿಳಿಯುವ ಹೆಸರೊಂದನ್ನು ನೀಡಿದರು ಎನ್ನುವುದೇ ಸರಿ.

1933ರಲ್ಲಿ ಅವರು ಎವರೆಸ್ಟ್‌ನಲ್ಲಿ ಕೃತಕ ಆಮ್ಲಜನಕವಿಲ್ಲದೆ, ಕೊನೆಯ ಹಂತದಲ್ಲಿ ಏಕಾಂಗಿಯಾಗಿ, ಸುಮಾರು 8,570 ಮೀಟರ್‌ವರೆಗೆ ಏರಿದರು. ಜತೆಯಲ್ಲಿ ಯಾರೋ ಇದ್ದಾರೆಂಬ ಭಾವನೆ ಎಷ್ಟು ಗಾಢವಾಗಿತ್ತೆಂದರೆ, ತಿನಿಸಿನ ಅರ್ಧ ಭಾಗವನ್ನು ಮುರಿದು ಆ ಕಾಣದ ಸಂಗಾತಿಯತ್ತ ಚಾಚಿದ್ದರು. ತುದಿ ಮಾತ್ರ ದಕ್ಕಲಿಲ್ಲ.

1937ರಲ್ಲಿ ಅವರು ಮತ್ತೆ ಭ್ಯುಂಡಾರ್‌ಗೆ ಬಂದರು. ಈ ಬಾರಿ ಶಿಖರಗಳಷ್ಟೇ ಗುರಿಯಾಗಿರಲಿಲ್ಲ. ಡಾರ್ಜಿಲಿಂಗ್‌ನ ನಾಲ್ವರು ಶೆರ್ಪಾಗಳೊಡನೆ ಡೇರೆ ಹಾಕಿ, ಮಳೆಗಾಲದ ವಾರಗಳನ್ನು ಅಲ್ಲಿಯೇ ಕಳೆದು, ಗಿಡಗಳನ್ನೂ ಬೀಜಗಳನ್ನೂ ಸಂಗ್ರಹಿಸಿದರು. ನೀಲಿ ಗಸಗಸೆ, ಪ್ರಿಮುಲಾ, ಪೊಟೆಂಟಿಲ್ಲಾ ಹೂಗಳು ಅವರ ದಿನಚರಿಯ ಭಾಗವಾದವು. ಆ ಅನುಭವಗಳ ಪುಸ್ತಕ 1938ರಲ್ಲಿ ಪ್ರಕಟವಾಗಿ, ಕಣಿವೆಯ ಹೆಸರು ದೂರದೂರಕ್ಕೆ ಹರಡಿತು. 1939ರಲ್ಲಿ ಸಸ್ಯ ಸಂಗ್ರಹಕ್ಕೆಂದು ಬಂದ ಜೋನ್ ಮಾರ್ಗರೆಟ್ ಲೆಗ್ ಅಲ್ಲಿಯ ಇಳಿಜಾರಿನಿಂದ ಜಾರಿ ಬಿದ್ದು ಮೃತಪಟ್ಟರು. ಅವರ ಸಮಾಧಿ ಕಣಿವೆಯಲ್ಲೇ ಇದೆ.

1949ರಲ್ಲಿ ಭಾರತಕ್ಕೆ ಬಂದಿದ್ದ ಸ್ಮೈತ್ ಮಲೇರಿಯಾಕ್ಕೆ ತುತ್ತಾದರು. ಸ್ವದೇಶಕ್ಕೆ ಮರಳಿ ಜೂನ್ 27ರಂದು, 49ನೇ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳಿರುವಾಗ, ನಿಧನರಾದರು.

ಅವರು ನೀಡಿದ ಹೆಸರು ಕಣಿವೆಗೆ ರಕ್ಷಣೆಯನ್ನೂ ಹೊರೆಯನ್ನೂ ತಂದಿತು. 1982ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾದ ಮೇಲೆ ಮೇವಿನ ಹಕ್ಕು ಕುರಿಗಾಹಿಗಳ ಕೈತಪ್ಪಿತು. ಮೇಯಿಸುವಿಕೆ ನಿಂತದ್ದರಿಂದಲೇ ಕೆಲವು ದಟ್ಟ ಸಸ್ಯಗಳು ಹಬ್ಬಿ ಸಣ್ಣ ಹೂಗಿಡಗಳನ್ನು ಮುಚ್ಚುತ್ತಿವೆಯೇ ಎಂಬ ಚರ್ಚೆ ತಜ್ಞರಲ್ಲಿ ನಡೆದಿದೆ. 2005ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಮನ್ನಣೆ ದೊರೆಯಿತು. ಬೇಸಿಗೆಯಿಂದ ಶರತ್ಕಾಲದ ಆರಂಭದವರೆಗೆ ಪ್ರವಾಸಿಗರಿಗೆ ತೆರೆದಿರುವ ಉದ್ಯಾನದೊಳಗೆ ತಂಗುವಂತಿಲ್ಲ. ಘಾಂಘರಿಯಾದಿಂದ ನಡೆದು ಹೋಗಿ ಸಂಜೆಯೊಳಗೆ ಹಿಂದಿರುಗಬೇಕು. ಸ್ಮೈತ್ ಡೇರೆ ಹಾಕಿ ವಾರಗಟ್ಟಲೆ ಸವಿದ ಏಕಾಂತ ಇಂದು ಯಾರಿಗೂ ಲಭ್ಯವಿಲ್ಲ. ಆ ಏಕಾಂತವನ್ನು ಬಿಟ್ಟುಕೊಡುವುದೇ ಹೂಗಳು ಉಳಿಯಲು ಇಂದಿನ ಪ್ರವಾಸಿ ತೆರುವ ಬೆಲೆ.