ಅನ್ನದ ಋಣ: ಶ್ರೀ ಮಾಣಿಕಪ್ರಭುಗಳು

ಮಕ್ಕಳು ಎಲೆಯಲ್ಲಿ ಅನ್ನ ಬಿಟ್ಟೇಳುವಾಗ ನಾವು ಗದರುವುದುಂಟು. ಅದಕ್ಕಿಂತ ಶ್ರೀ ಮಾಣಿಕಪ್ರಭುಗಳ ಚರಿತ್ರೆಯನ್ನು ಹೇಳುವುದು ಲೇಸೆಂದು ನಮಗೆ ತೋರುತ್ತದೆ. ಅವರು ನಮ್ಮ ಸಂಪ್ರದಾಯದವರಲ್ಲ, ದತ್ತೋಪಾಸಕರು. ಆದರೂ ಅನ್ನದ ಋಣ ಎಲ್ಲರಿಗೂ ಒಂದೇ ಅಲ್ಲವೆ?

1817ರ ದತ್ತಜಯಂತಿಯಂದು ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಮನೋಹರ ನಾಯಕ, ಬಯಾದೇವಿ ದಂಪತಿಗಳಿಗೆ ಜನಿಸಿದ ಬಾಲಕನು ಪಿತೃವಿಯೋಗಾನಂತರ ಕಲ್ಯಾಣದಲ್ಲಿ ಸೋದರಮಾವನ ಆಶ್ರಯದಲ್ಲಿ ಬೆಳೆದನು. ಪಾಠಕ್ಕಿಂತ ಅಡವಿಯ ಅಲೆದಾಟವೇ ಹೆಚ್ಚು; ಮಾವನು ಗದರಿಸಲು ಮನೆಯನ್ನೇ ತೊರೆದನು. ಆಶ್ರಯದ ತುತ್ತಿನ ಬೆಲೆಯನ್ನು ಎಳವೆಯಲ್ಲಿಯೇ ಕಂಡ ಪ್ರಭುಗಳು ಮುಂದೆ ಹುಮನಾಬಾದಿನ ಸಮೀಪ, ವಿರಜಾ-ಗುರುಗಂಗಾ ಸಂಗಮದಲ್ಲಿ ನೆಲಸಿ, ಜಾತಿಮತವೆಣಿಸದೆ ಬಂದವರಿಗೆಲ್ಲ ಅನ್ನವಿಕ್ಕಿದರು. ಬಂದ ಕಾಣಿಕೆಯನ್ನು ಕೂಡಿಡಲಿಲ್ಲ. 1865ರ ಮಾರ್ಗಶಿರ ಶುದ್ಧ ಏಕಾದಶಿಯಂದು ಅಲ್ಲಿಯೇ ಸಮಾಧಿಸ್ಥರಾದರು. ಆ ಸ್ಥಳವೇ ಮಾಣಿಕನಗರ. ದತ್ತಜಯಂತಿಗೆ ಅಲ್ಲಿಗೆ ಹೋದ ಮಕ್ಕಳು ಇಂದಿಗೂ ಅಪರಿಚಿತರ ಪಕ್ಕದಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ.