ಎದ್ದು ನಿಂತರೆ ಮಾತು ಹೊರಡದ ಬ್ಯಾರಿಸ್ಟರ್

ಅಭ್ಯಾಸ ಬೋಧನೆಯಲ್ಲಿ ನನ್ನ ಮೊದಲ ಪಾಠ 9ನೇ ತರಗತಿಗೆ, ಚಲನೆಯ ಮೊದಲ ನಿಯಮ. ಪಾಠಯೋಜನೆ ಪೂರ್ತಿ ಬಾಯಿಪಾಠವಾಗಿತ್ತು. ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು, ಅವರ ಪಕ್ಕ ಇಬ್ಬರು ಸಹಪಾಠಿಗಳು ವೀಕ್ಷಣಾ ಪುಸ್ತಕ ತೆರೆದು ಕೂತಿದ್ದರು. ಪೀಠಿಕೆಯ ಎರಡನೇ ಪ್ರಶ್ನೆಗೇ ನನ್ನ ನಾಲಿಗೆ ಒಣಗಿತು. ಕಪ್ಪುಹಲಗೆಯ ಕಡೆ ತಿರುಗಿ, ಬರೆದಿದ್ದನ್ನೇ ಮತ್ತೆ ಬರೆದೆ. ಗಾಂಧೀಜಿಯವರಿಗೂ ಹೀಗೆ ಆಗುತ್ತಿತ್ತು ಎಂದು ಗೆಳತಿಯೊಬ್ಬಳು ಹೇಳಿದಳು. ಆ ವಾರವೇ ಗ್ರಂಥಾಲಯದಿಂದ ಅವರ ಆತ್ಮಕಥೆ ತಂದು ಓದಿದೆ.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸರು ಶಾಲೆ ಬಿಟ್ಟ ಕೂಡಲೇ ಮನೆಗೆ ಓಡುವ ಹುಡುಗ. ದಾರಿಯಲ್ಲಿ ಯಾರಾದರೂ ಮಾತನಾಡಿಸಿ ಗೇಲಿ ಮಾಡಿಯಾರು ಎಂಬ ಅಂಜಿಕೆ. 1888ರಲ್ಲಿ ಲಂಡನ್ನಿಗೆ ಹೊರಟಾಗ ಶಾಲೆಯವರು ಬೀಳ್ಕೊಟ್ಟರು. ಉತ್ತರವಾಗಿ ಬರೆದುಕೊಂಡಿದ್ದ ನಾಲ್ಕು ಮಾತು ಓದುವಷ್ಟರಲ್ಲಿ ಅವರ ತಲೆ ಸುತ್ತಿ ಮೈ ನಡುಗಿತು.

ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಅವರಿದ್ದರು, ಆದರೆ ಸಭೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಒಬ್ಬ ಸದಸ್ಯರನ್ನು ಅಭಿಪ್ರಾಯಭೇದಕ್ಕಾಗಿ ಹೊರಹಾಕುವ ಪ್ರಶ್ನೆ ಬಂದಾಗ ಅದು ತಪ್ಪೆಂದು ಅವರಿಗೆ ಅನಿಸಿತು. ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ, ಹೇಳಲು ಧೈರ್ಯವಿರಲಿಲ್ಲ. ಬರೆದು ತಂದರು, ಅದನ್ನು ಬೇರೊಬ್ಬರು ಓದಿದರು. ವೆಂಟ್ನರಿನ ಸಭೆಯಲ್ಲೂ ಒಂದು ಹಾಳೆಯಷ್ಟಿದ್ದ ಭಾಷಣವನ್ನು ಜೊತೆಗಾರರೇ ಓದಬೇಕಾಯಿತು.

1891ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದರು. ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ 30 ರೂಪಾಯಿ ಫೀಸಿನ ಮೊದಲ ಮೊಕದ್ದಮೆ. ಪಾಟೀಸವಾಲಿಗೆ ಎದ್ದರು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೂತುಬಿಟ್ಟರು. ಫೀಸು ಬಿಟ್ಟುಕೊಟ್ಟು, ಬೇರೆ ವಕೀಲರನ್ನು ಇಟ್ಟುಕೊಳ್ಳಿ ಎಂದು ತಿಳಿಸಿ ಕೋರ್ಟಿನಿಂದ ಹೊರಟರು.

ಮಾತು ಹೊರಟದ್ದು 1893ರಲ್ಲಿ, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ. ಒಬ್ಬ ವ್ಯಾಪಾರಿಯ ಮನೆಯಲ್ಲಿ ಸೇರಿದ್ದ ಭಾರತೀಯರೆದುರು ವ್ಯಾಪಾರದಲ್ಲಿ ಸತ್ಯ, ಶುಚಿತ್ವ, ಒಗ್ಗಟ್ಟು ಇವುಗಳ ಬಗ್ಗೆ ಮಾತನಾಡಿದರು. ರೈಲಿನಿಂದ ನೂಕಿಸಿಕೊಂಡ ನೋವು ಆಗ ಹಸಿಯಾಗಿತ್ತು. ತಾನು ಹೇಗೆ ಕಾಣುತ್ತೇನೆ ಎಂಬುದಕ್ಕಿಂತ ಎದುರಿಗಿದ್ದವರ ಕಷ್ಟ ಆ ದಿನ ಅವರಿಗೆ ದೊಡ್ಡದಾಗಿತ್ತು ಎಂದು ನನ್ನ ತಿಳಿವಳಿಕೆ. ಇಂಗ್ಲಿಷ್ ಕಲಿಸುತ್ತೇನೆ ಎಂದೂ ಅಲ್ಲಿ ಹೇಳಿದರು. ಸಿಕ್ಕವರು ಮೂವರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಚಿಕ್ಕ ಅಂಗಡಿಯವ. ಅವರಿದ್ದಲ್ಲಿಗೇ ಹೋಗಿ, ಕೆಲಸ ಮುಗಿಯುವವರೆಗೆ ಕಾದು ಕಲಿಸಿದರು.

ಅಲ್ಲಿಗೆ ಅಂಜಿಕೆ ಮುಗಿಯಲಿಲ್ಲ. 1896ರಲ್ಲಿ ಮುಂಬಯಿಯ ದೊಡ್ಡ ಸಭೆಯಲ್ಲಿ ದನಿ ಮತ್ತೆ ಉಡುಗಿತು. ಅಚ್ಚು ಹಾಕಿಸಿದ್ದ ಭಾಷಣವನ್ನು ದಿನ್‌ಶಾ ವಾಚಾ ಓದಿದರು. ಅದೇ ಮನುಷ್ಯರು 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಅವರು ಅಧ್ಯಕ್ಷರಾದ ಅಧಿವೇಶನ ಅದೊಂದೇ. ಸಂಕೋಚದಿಂದ ತನಗೆ ನಷ್ಟವಾಗಲಿಲ್ಲ, ಮಾತನ್ನು ಅಳೆದು ಬಳಸುವುದನ್ನು ಅದೇ ಕಲಿಸಿತು ಎಂದು ಮುಂದೆ ಅವರು ಬರೆದುಕೊಂಡರು.

ಇದನ್ನು ಓದುವ ಮೊದಲು ನನ್ನಿಂದ ಒಂದು ತಪ್ಪಾಗಿತ್ತು. ಎರಡನೇ ಪಾಠದಲ್ಲಿ ಉತ್ತರ ಹೇಳದ ಹುಡುಗಿಯೊಬ್ಬಳನ್ನು ಅವಧಿ ಮುಗಿಯುವವರೆಗೆ ನಿಲ್ಲಿಸಿದ್ದೆ. ಹಿಂದಿನ ದಿನ ನಾನೇ ನಡುಗಿದ್ದು ನೆನಪಾಗಲಿಲ್ಲ. ಐದನೇ ಪಾಠದಲ್ಲಿ ಅವಳ ಕೈಗೆ ಚೀಟಿ ಕೊಟ್ಟು, ಬರೆದು ಕೊಡಮ್ಮ ಎಂದೆ. ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ವಾಲುವುದೇಕೆ ಎಂಬುದಕ್ಕೆ ಅವಳು ಬರೆದ ಉತ್ತರ ಸರಿಯಿತ್ತು. ಪಕ್ಕದ ಹುಡುಗಿ ಅದನ್ನು ಗಟ್ಟಿಯಾಗಿ ಓದಿದಳು. ಎಂಟನೇ ಪಾಠದ ದಿನ ಅವಳೇ ಎದ್ದು ಓದಿದಳು, ಮೆಲ್ಲಗೆ. ಆ ಹೊತ್ತಿಗೆ ನಾನೂ ಕಪ್ಪುಹಲಗೆ ಬಿಟ್ಟು ಮಕ್ಕಳ ಕಡೆ ತಿರುಗಿ ಪಾಠ ಮಾಡುತ್ತಿದ್ದೆ.